ಚುಕ್ಕೆಯಲ್ಲಿ ಹಾನುಬಾಳು

ನೀಲಗಿರಿ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಉಸಿರಿಗೆ ಒದ್ದಾಡುತ್ತಿದ್ದ ಅಕ್ಕನನ್ನು ಹಾಸನದ ಆಸ್ಪತ್ರೆಗೆ ಸಾಗಿಸಲು ಅಪ್ಪ ಜೀಪಿಗೆ ಹೇಳಿಕಳಿಸಿದ್ದ. ಅದನ್ನು ಕಾಯುತ್ತ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯಲ್ಲಿ ಕೂತಿದ್ದೆವು. ಅಮ್ಮ ಅವಳ ಎದೆಗೆ ಎಣ್ಣೆ ತಿಕ್ಕುತ್ತಲೇ ಇದ್ದಳು. ಅಕ್ಕ ನೋವು ಮರೆಯಲೆಂದು ರೈಟರು ಅಂತರಿಕ್ಷದ ಸಿನಿಮಾವೊಂದರ ಕ್ಯಾಸೆಟ್ ಹಾಕಿದರು. ನೌಕೆ ದೂರ ಹೋದಂತೆ ಭೂಮಿ ಕುಗ್ಗಿ ಚುಕ್ಕೆಯಾಯಿತು.

"ಅಪ್ಪಾ, ಅದ್ರಲ್ಲಿ ನಮ್ಮೂರು ಹಾನುಬಾಳು ಎಲ್ಲೈತೆ?" ಅಕ್ಕ ಏದುಸಿರು ಬಿಡುತ್ತ ಕೇಳಿದಳು.

ಅಪ್ಪ ಎದ್ದು ಟಿವಿಯ ಗಾಜಿನ ಮೇಲೆ ಬೆರಳಿಟ್ಟ. "ಇಲ್ಲೇ ಐತೆ ಕಣವ್ವ."

"ಅಷ್ಟು ಮ್ಯಾಲಿರೋರಿಗೆ ನಾವು ಕಾಣ್ತೀವಾ?"

"ಕಾಣ್ದೆ ಏನವ್ವ? ಜೀಪ್ ಬತ್ತೈತೆ, ಕಣ್ಣು ಮುಚ್ಚಬ್ಯಾಡ."

ಚುಕ್ಕೆಯೂ ಅಳಿಸಿಹೋಗಿ ಪರದೆ ಕಪ್ಪಾಯಿತು. ಎಣ್ಣೆ ತಿಕ್ಕುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು; ಅಮ್ಮ ಕಿರುಚಿಕೊಂಡಳು. ಅಪ್ಪ ಮಾತ್ರ ತಿರುಗಿ ನೋಡಲಿಲ್ಲ. ಜೀಪು ಬಂದಾಗಲೂ ಬೆರಳನ್ನು ಗಾಜಿಗೆ ಒತ್ತಿಕೊಂಡೇ ನಿಂತಿದ್ದ.