ಮುಚ್ಚಿದ ಬಾವಿಯ ಪಕ್ಕದಲ್ಲಿ

ಪರದೆಯ ಎಡಮೂಲೆಯಲ್ಲಿ ಒಂದು ಗುಳ್ಳೆ ಎದ್ದಿತು. ಅದರ ಹಿಂದೆಯೇ ಇನ್ನೊಂದು. ಡೆಲ್ಫೀನ್ ಪರದೆಯತ್ತ ಬಾಗಿದಳು. ಅವಳು ಕೂತಿದ್ದದ್ದು ಹಡಗಿನ ಮೇಲೆ, ಕಿಟಕಿಯಿಲ್ಲದ ಕಬ್ಬಿಣದ ಕೋಣೆಯಲ್ಲಿ. ಅವಳು ನಡೆಸುತ್ತಿದ್ದ ರೋಬಾಟ್ ಇದ್ದದ್ದು ಒಂದು ಮೈಲಿ ಕೆಳಗೆ, ಮೆಕ್ಸಿಕೋ ಕೊಲ್ಲಿಯ ತಳದಲ್ಲಿ. ಎಪ್ಪತ್ತೊಂದು ದಿನ ಎಡೆಬಿಡದೆ ಎಣ್ಣೆ ಕಕ್ಕಿದ ಬಾವಿಗೆ ನಿನ್ನೆ ಮಧ್ಯಾಹ್ನ ತಾನೇ ಮುಚ್ಚಳ ಬಿಗಿದಿದ್ದರು.

“ನಾಂಕ್, ನೋಡಿದ್ಯಾ?”

ಪಕ್ಕದ ಕುರ್ಚಿಯಲ್ಲಿದ್ದ ಓವೀಡ್ ಕನ್ನಡಕ ಮೇಲೇರಿಸಿಕೊಂಡ. ಅವನು ರಕ್ತಸಂಬಂಧಿಯೇನಲ್ಲ, ಒಂದೇ ಕಾಲುವೆಯ ದಂಡೆಯವರು, ಅಲ್ಲಿ ಅಪ್ಪನ ಓರಗೆಯವರೆಲ್ಲ ನಾಂಕ್, ಚಿಕ್ಕಪ್ಪಂದಿರೇ. “ನಿನ್ನ ರೋಬಾಟಿನ ತೋಳಿಂದ ಗ್ರೀಸೋ ಎಣ್ಣೆಯೋ ತೊಟ್ಟಿಕ್ತಿರ್ಬೇಕು ಮಗಾ,” ಅಂದ. “ಹೋದ ವಾರ ಪಕ್ಕದ ಹಡಗಿನೋರು ಇಂಥದ್ದನ್ನೇ ನೋಡಿ ಬೊಬ್ಬೆ ಹೊಡೆದು ನಗೆಪಾಟಲಾದ್ರಲ್ಲ.”

ಹಾಗೇ ಇರಲಪ್ಪ ದೇವರೇ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಗುಳ್ಳೆ ನೆಲದಿಂದಲೇ ಬರುತ್ತಿದ್ದರೆ ಬಾವಿಯ ಗೋಡೆ ಒಳಗೆಲ್ಲೋ ಒಡೆದಿದೆ ಎಂದು ಅರ್ಥ. ಮೇಲೆ ಬಿಗಿಯಾಗಿ ಮುಚ್ಚಿದಷ್ಟೂ ಎಣ್ಣೆ ಪಕ್ಕಕ್ಕೆ ನುಗ್ಗಿ ಸಮುದ್ರದ ತಳವನ್ನೇ ಸೀಳುತ್ತದೆ. ಒಂದು ಬಾಯಾದರೆ ಮುಚ್ಚಬಹುದು, ನೆಲವೆಲ್ಲ ಬಾಯಿಬಿಟ್ಟರೆ ಏನನ್ನು ಮುಚ್ಚುವುದು? ಅದಕ್ಕೇ ಕಂಪನಿಯ ಹಾಲಿಸ್ ಬೆಳಿಗ್ಗೆ ಎಲ್ಲರಿಗೂ ಕಡ್ಡಿ ಮುರಿದ ಹಾಗೆ ಹೇಳಿದ್ದ: ಗುಳ್ಳೆ ಕಂಡವರು ಕಂಡ ಕೂಡಲೇ ಹೇಳಬೇಕು. ಒಬ್ಬರು ಹೇಳಿದರೂ ಸಾಕು, ಬಾವಿಯನ್ನು ಮತ್ತೆ ತೆರೆಯುತ್ತೇವೆ.

ತೆರೆದರೆ ಮತ್ತೆ ಎಣ್ಣೆ. ಅದು ಅಪ್ಪನ ಹಿನ್ನೀರಿಗೆ ಇನ್ನು ಎಂಟೇ ಮೈಲಿ ದೂರದಲ್ಲಿ ಬಂದು ನಿಂತಿತ್ತು. ಮೂರು ತಲೆಮಾರಿನಿಂದ ಸಿಂಪಿ ಬೆಳೆಸಿದ ನೀರು ಅದು. ಎಣ್ಣೆ ಒಮ್ಮೆ ಹೊಕ್ಕರೆ ಅಪ್ಪನ ಕಾಲದಲ್ಲಂತೂ ಅಲ್ಲಿ ಸಿಂಪಿ ಹುಟ್ಟುವುದಿಲ್ಲ. ಇವತ್ತು ಬೆಳಿಗ್ಗೆ ಅಪ್ಪ ಫೋನಿನಲ್ಲಿ ಮಗುವಿನ ಹಾಗೆ ನಗುತ್ತಿದ್ದ: “ನೀವು ಮುಚ್ಚಿಬಿಟ್ರಂತಲ್ಲೇ! ದೋಣಿಗೆ ಬಣ್ಣ ಹೊಡೀತಾ ಇದೀನಿ ಕಣೇ.”

“ಹೇಳೋಕೆ ಮುಂಚೆ ಜಾಡಿ ಹಿಡಿದು ನೋಡೋಣ,” ಅಂದಳು ಡೆಲ್ಫೀನ್.

ಹಾಗೆ ಪರೀಕ್ಷೆ ಮಾಡುವ ಕ್ರಮವಿತ್ತು, ಆದರೆ ಹೇಳಿದ ಮೇಲೆ ಮಾಡುವುದು. ಅವಳು ರೋಬಾಟಿನ ಕೈಗೆ ಗಾಜಿನ ಜಾಡಿಯನ್ನು ಬೋರಲಾಗಿ ಹಿಡಿಸಿ ಮೆಲ್ಲಗೆ ಆ ಮೂಲೆಗೆ ಒಯ್ದಳು. ಕೆಸರು ಎದ್ದು ಪರದೆಯೆಲ್ಲ ಕದಡಿಹೋಯಿತು. ಅದು ತಂಗುವವರೆಗೆ ಕೈಕಟ್ಟಿ ಕೂರಬೇಕು. ರೋಬಾಟಿನ ಎಣ್ಣೆಯಾದರೆ ಜಾಡಿಯೊಳಗೆ ಬರೀ ಜಿಡ್ಡು ನಿಲ್ಲುತ್ತದೆ. ಬಾವಿಯ ಅನಿಲವಾದರೆ ಆ ಆಳದ ಚಳಿಗೂ ಒತ್ತಡಕ್ಕೂ ಬೆಳ್ಳಗೆ ಹೆಪ್ಪುಗಟ್ಟುತ್ತದೆ.

ಸ್ಪೀಕರಿನಲ್ಲಿ ಹಾಲಿಸ್ ಬಂದ. ಅರ್ಧ ಗಂಟೆಗೊಮ್ಮೆ ಬರುತ್ತಿದ್ದ. “ಎರಡನೇ ರೋಬಾಟ್, ನೆಲ ಹೇಗಿದೆ?”

ಅವಳು ಓವೀಡನ ಕಡೆ ನೋಡಿದಳು. ಅವನು ತನ್ನ ಬೂಟಿನ ಲಾಡಿಯನ್ನೇ ನೋಡುತ್ತಾ ಕೂತಿದ್ದ.

“ಏನೂ ಇಲ್ಲ ಸರ್. ಚೊಕ್ಕವಾಗಿದೆ.”

ಹನ್ನೊಂದು ವರ್ಷದ ಕೆಲಸದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಹಡಗಿನ ಮೇಲೆ ನೂರಾ ಮೂವತ್ತು ಜನರಿದ್ದರು, ಸುತ್ತ ಇನ್ನೂ ಇಪ್ಪತ್ತು ಹಡಗು. ಎಲ್ಲರೂ ಇದೇ ನೆಲದ ಮೇಲೆ ತೇಲುತ್ತಿದ್ದರು.

ಕೆಸರು ತಂಗಿತು. ಬೋರಲಾಗಿ ಮೇಲಾಗಿದ್ದ ಜಾಡಿಯ ತಳದಲ್ಲಿ, ಉಗುರಿನಷ್ಟಗಲ, ಬಿಳಿ ಕಂಡಿತು. ನೋಡನೋಡುತ್ತಲೇ ಅದು ಅಂಗೈಯಗಲ ಆಯಿತು.

“ಬೆಳಕು ಬಿದ್ದು ಹಾಗೆ ಕಾಣ್ತಿದೆ,” ಅಂದ ಓವೀಡ್. ಅವನ ದನಿ ಅವನದಾಗಿರಲಿಲ್ಲ. ಅವನ ತಮ್ಮಂದಿರಿಬ್ಬರೂ ಸೀಗಡಿ ಹಿಡಿಯುವವರು. “ನೀನೂ ಏನೂ ನೋಡ್ಲಿಲ್ಲ, ನಾನೂ ಏನೂ ನೋಡ್ಲಿಲ್ಲ. ಆಯ್ತಾ ಮಗಾ?”

ಆಗ ಅವಳಿಗೆ ನಿಜವಾದ ಭಯವಾಯಿತು. ಅಲ್ಲಿಯವರೆಗೆ ತನ್ನ ಕಣ್ಣೇ ಮೋಸಮಾಡಿರಬಹುದು ಎಂಬ ಆಸೆ ಒಂದು ಉಳಿದಿತ್ತು; ಈಗ ಅವನೂ ಅದನ್ನು ಕಂಡಿದ್ದ. ಅವಳು ಮೈಕಿನ ಗುಂಡಿ ಒತ್ತಿದಳು.

“ಸರ್, ಗುಳ್ಳೆ ಇದೆ. ಬಾವಿಯಿಂದ ಪಶ್ಚಿಮಕ್ಕೆ ಮೂವತ್ತಡಿ. ಜಾಡೀಲಿ ಬೆಳ್ಳಗೆ ಕಟ್ಟಿದೆ.”

“ಯಾವಾಗಿಂದ?”

ಗೋಡೆಯ ಗಡಿಯಾರ ನೋಡಿದಳು. “ಇಪ್ಪತ್ತು ನಿಮಿಷ ಆಯ್ತು ಸರ್.”

ಅವನು ಬಾಯಿಗೆ ಬಂದಂತೆ ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. “ಮುಚ್ಚಳದ ಹತ್ರ ಇರೋದು ನಿನ್ನ ರೋಬಾಟೇ,” ಅಂದ ಹಾಲಿಸ್. “ನೀನೇ ತೆರೆ. ಈಗಲೇ.”

ವಾಲ್ವ್ ತಿರುಗಿಸುವವರು ಎಣಿಸುವುದಿಲ್ಲ. ಪಕ್ಕದವರು ಗಟ್ಟಿಯಾಗಿ ಎಣಿಸುತ್ತಾರೆ. ಹದಿನಾಲ್ಕು ಸುತ್ತು; ಒಂದು ಹೆಚ್ಚಾದರೆ ತಿರುಪು ಮುರಿದು, ಮುಂದೆ ಅದನ್ನು ಯಾರೂ ಮುಚ್ಚಲಾಗದು. ಅವಳು ರೋಬಾಟಿನ ಕೊಂಡಿಯನ್ನು ವಾಲ್ವಿಗೆ ಸಿಕ್ಕಿಸಿದಳು. ಓವೀಡ್ ಎಣಿಸಲು ಶುರುಮಾಡಿದ: ಒಂದು, ಎರಡು, ಮೂರು. ಐದಕ್ಕೆ ಮುಚ್ಚಳದ ತುದಿಯಲ್ಲಿ ಕಂದು ಎಳೆಯೊಂದು ಕಂಡಿತು. ಏಳಕ್ಕೆ ಎಣ್ಣೆ ಭುಸ್ಸೆಂದು ಉಕ್ಕಿ ಪರದೆಯನ್ನು ಅರ್ಧ ಕಪ್ಪಾಗಿಸಿತು. ಓವೀಡ್ ಮುಂದಕ್ಕೆ ಎಣಿಸಲಾರದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಎಂಟು,” ಅಂದಳು ಡೆಲ್ಫೀನ್, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲು ರೋಬಾಟ್ ನಡೆಸುವ ಹಿಡಿಯಿಂದ ಕೈ ತೆಗೆಯದೆ. “ಒಂಬತ್ತು.”