ಡಬ್ಬಿಯಲ್ಲಿದ್ದ ಉಸಿರು

"ನಿನ್ನ ಸಂಗೀತದ ಹಿಂದೆ ಯಾರದೋ ಉಸಿರು ಕೇಳ್ತಿದೆ. ಅದನ್ನ ತೆಗೆದುಹಾಕಪ್ಪ," ಎಂದರು ಎಲೆಕ್ಟ್ರಾನಿಕ್ ಸಂಗೀತ ಕಲಿಸುವ ಮೇಡಂ, ಹೆಡ್‌ಫೋನ್ ಕಳಚಿ ಮೇಜಿನ ಮೇಲಿಡುತ್ತ.

"ತೆಗೆದರೆ ಏನೂ ಉಳಿಯಲ್ಲ ಮೇಡಂ. ಇಡೀ ಸಂಗೀತ ಮಾಡಿರೋದೇ ಅದರಿಂದ," ಎಂದ ವಿದ್ಯಾರ್ಥಿ.

"ಯಾರ ಉಸಿರು?"

"ಗೊತ್ತಿಲ್ಲ. ನಮ್ಮ ವಿಭಾಗದ ಹಳೇ ಟೇಪ್ ಯಂತ್ರದ ಕೆಳಗೆ ಒಂದು ಬಿಸ್ಕತ್ ಡಬ್ಬಿ ಇತ್ತು. ತುಂಬ ಟೇಪಿನ ಚೂರುಗಳು. ಅಂಟಿಸಿ ಕೇಳಿದೆ. ಎಲ್ಲದರಲ್ಲೂ ಒಬ್ಬ ಹುಡುಗಿ ಉಸಿರೆಳೆದುಕೊಳ್ಳೋದು ಮಾತ್ರ ಇತ್ತು."

ಮೇಡಂ ಮೆಲ್ಲಗೆ ಕುಳಿತರು. ಮೇಜಿನ ಮೇಲಿನ ಹೆಡ್‌ಫೋನಿನಿಂದ ಉಸಿರು ಸಣ್ಣಗೆ ಕೇಳುತ್ತಲೇ ಇತ್ತು.

"ನಮ್ಮಕ್ಕ. ನಾನಿಲ್ಲಿ ಓದುವಾಗ ಅವಳ ಹಾಡು ರೆಕಾರ್ಡ್ ಮಾಡಿದ್ದೆ. ಉಸಿರು ಕೇಳಿಸಿದರೆ ಮಾರ್ಕ್ಸ್ ಹೋಗುತ್ತೆ ಅಂತ ಟೇಪಿನಿಂದ ಬ್ಲೇಡಿನಲ್ಲಿ ಒಂದೊಂದನ್ನೇ ಕತ್ತರಿಸಿ ತೆಗೆದು ಆ ಡಬ್ಬಿಗೆ ಹಾಕಿದೆ. ಆಮೇಲೆ ಅವಳು ಹೆಚ್ಚು ದಿನ ಬದುಕಲಿಲ್ಲ."

"ಸಾರಿ ಮೇಡಂ. ಬೇರೆ ಏನಾದರೂ ಮಾಡಿ ತರ್ತೀನಿ."

"ಬೇಡ. ಇದನ್ನೇ ನನ್ನ ಫೋನಿಗೆ ಹಾಕಿಕೊಡು, ಅಮ್ಮನಿಗೆ ಕೇಳಿಸಬೇಕು. ಅಕ್ಕನ ಹಾಡು ಹಾಕಿದಾಗಲೆಲ್ಲ ಅಮ್ಮ ಕೇಳ್ತಾಳೆ, 'ಇವಳ್ಯಾಕೆ ಉಸಿರೇ ಆಡ್ತಿಲ್ಲ' ಅಂತ."