ಎರಡು ನುಡಿ ಕಡಿಮೆ

ನಮ್ಮ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಘಟನೆಯೊಂದು ಕಳೆದ ವರ್ಷ ಒಂದು ಮಂಗಳವಾರ ನಡೆಯಿತು: ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳಿದಳು.

ಗ್ರಂಥಪಾಲಕ ಶಿವಯೋಗೆಪ್ಪನವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಪುಸ್ತಕಗಳನ್ನು ಯಂತ್ರವೇ ಓದಿ ಎಲ್ಲರಿಗೂ ಸಾರಾಂಶ ಕಳಿಸತೊಡಗಿ ಒಂಬತ್ತು ವರ್ಷವಾಗಿತ್ತು.

"ಬೀಸೂಕಲ್ಲಿನ ಪದಗಳ ಸಂಗ್ರಹದ ಸಾರಾಂಶ ನಿನಗ ಬಂದೈತಲ್ಲ, ನೀಲವ್ವ?"

"ಬಂದೈತ್ರಿ ಸರ್. ಅದರಾಗ ಒಂದು ಹಾಡಿಗೆ ಐದು ನುಡಿ ಅಂತ ಐತಿ. ಅದನ್ನ ಹಾಡಿ ಬರೆಸಿದಾಕಿ ನಮ್ಮ ದೊಡ್ಡವ್ವ. ಏಳು ನುಡಿ ಹಾಡ್ತಿದ್ಲು."

"ದೊಡ್ಡವ್ವನ್ನ ಅಡಿಟಿಪ್ಪಣಿಗೆ ಹಾಕಾಕ ಬರಂಗಿಲ್ಲವ್ವ. ಸಾರಾಂಶ ತಪ್ಪೈತಿ ಅಂದ್ರ ಪುರಾವೆ ಲಗತ್ತಿಸಿ ಅರ್ಜಿ ಕೊಡು, ಪುಸ್ತಕ ತಗಸ್ತೀವಿ."

"ಪುರಾವೆ ಆ ಪುಸ್ತಕದಾಗೇ ಐತ್ರಿ."

"ಹಂಗಾದ್ರ ಅರ್ಜಿ ಅಪೂರ್ಣ."

ನೀಲವ್ವ ಗಾಜಿನ ಕಪಾಟಿನತ್ತ ಬೆರಳು ತೋರಿದಳು. "ಆ ಕೆಂಪು ರಟ್ಟಿಂದು, ಇಲ್ಲಿಂದನ ಕಾಣಸ್ತೈತಿ. ನಿಮ್ಮ ಯಂತ್ರ ಎರಡು ನುಡಿ ನುಂಗಬಹುದು, ನಾ ಒಂದು ಪುಟ ತಿರುವಬಾರದೇನ್ರಿ? ಹೋಗಲಿ, ನೀವರ ಎದ್ದು ನೋಡ್ರಿ."

"ಕೀಲಿ ನನ್ನ ಕಡೆ ಇಲ್ಲವ್ವ. ನಾನೂ ಸಾರಾಂಶನ ಓದ್ತೀನಿ."

"ಮತ್ತ ಇಲ್ಲಿ ಕುಂತು ಏನು ಕಾಯ್ತೀರಿ, ಧೂಳ?"

ಶಿವಯೋಗೆಪ್ಪನವರು ಕನ್ನಡಕ ಹಾಕಿಕೊಂಡರು.

ನೀಲವ್ವ ಹಟಕ್ಕೆ ಬಿದ್ದು ಏಳೂ ನುಡಿ ಬರೆದೇ ಪ್ರಬಂಧ ಒಪ್ಪಿಸಿದಳು. ಪರೀಕ್ಷಕರು ಅದನ್ನು ಸಾರಾಂಶದೊಂದಿಗೆ ತಾಳೆ ನೋಡಿ, ಕೊನೆಯ ಎರಡು ನುಡಿ ವಿದ್ಯಾರ್ಥಿನಿಯ ಸ್ವಂತ ಸೃಷ್ಟಿ ಎಂದು ಷರಾ ಬರೆದರು.

ಪ್ರಬಂಧ ತಿರಸ್ಕೃತವಾಯಿತು.